ದಾಸೋಜನಿಗೆ ಹಳೇಬೀಡು ಗೊತ್ತಿಲ್ಲ

ಬೇಲೂರಿನ ಹತ್ತಿರದ ಒಂದು ಶಾಲೆಯ ಜಗಲಿಯಲ್ಲಿ ನಾನು ಹೊಯ್ಸಳರ ಕಾಲದ ಶಿಲ್ಪಿ ದಾಸೋಜನಾಗಿ ವೇಷ ಹಾಕಿ ಕೂತಿದ್ದೆ. ಉಟ್ಟದ್ದು ಬಿಳಿ ಪಂಚೆ, ಹೆಗಲ ಮೇಲೆ ಒಂದು ವಸ್ತ್ರ, ಕೈಯಲ್ಲಿ ಉಳಿ. ಎದುರಿಗೆ ಏಳನೇ ಕ್ಲಾಸಿನ ಮಕ್ಕಳು. ಮಾತು ರಂಗೇರಿತ್ತು. "ಬೇಲೂರಿನ ಗುಡಿ ಕಟ್ಟೋಕೆ ನೂರಾ ಮೂರು ವರ್ಷ ಹಿಡೀತು ಮಕ್ಕಳೇ" ಅಂದುಬಿಟ್ಟೆ. ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು.

"ಹಂಗಾದ್ರೆ ನೀವು ಎಷ್ಟು ವರ್ಷ ಬದುಕಿದ್ರಿ ತಾತ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅವಳು ಕೈ ಹಾಕಿದ್ದು ಈ ಕೆಲಸದ ಬುಡಕ್ಕೇ. ನೂರಾ ಮೂರು ವರ್ಷ ಅನ್ನೋದು ಗೈಡುಗಳು ಪ್ರವಾಸಿಗರಿಗೆ ಹೇಳುವ ಲೆಕ್ಕ. ಅದು ಸರಿಯೇ ಇರಲಿ, ತಪ್ಪೇ ಇರಲಿ, ಕಂಬದ ಮೇಲಿನ ಮದನಿಕೆಯನ್ನು, ಅಂದರೆ ಹೆಣ್ಣಿನ ಶಿಲ್ಪವನ್ನು, ಕೊರೆಯುತ್ತಾ ಕೂತ ಮನುಷ್ಯನಿಗೆ ಅದು ಗೊತ್ತಿರೋಕೆ ಸಾಧ್ಯವೇ ಇಲ್ಲ. ಆವತ್ತು ಮಾತಾಡಿದ್ದು ದಾಸೋಜ ಅಲ್ಲ, ದಾಸೋಜನ ಪಂಚೆ ಉಟ್ಟ ಗೈಡು.

ಈ ಕೆಲಸಕ್ಕೆ ನಮ್ಮಲ್ಲಿ ಇನ್ನೂ ಒಂದು ಹೆಸರು ನಿಂತಿಲ್ಲ. ಅಮೆರಿಕ, ಯುರೋಪಿನಲ್ಲಿ ಇದನ್ನು ಹಿಸ್ಟಾರಿಕಲ್ ಇಂಟರ್ಪ್ರಿಟೇಶನ್ ಅಂತಾರೆ. ಹಳೆಯ ಕಾಲದ ಒಬ್ಬ ವ್ಯಕ್ತಿಯಾಗಿ ವೇಷ ಹಾಕಿ, ಆ ಜಾಗದಲ್ಲೇ ನಿಂತು, ಬಂದವರ ಜೊತೆ ಮಾತಾಡೋದು. ನಾಟಕ ಅಲ್ಲ, ಯಾಕೆಂದರೆ ಬರೆದಿಟ್ಟ ಮಾತಿಲ್ಲ, ಎದುರಿನವರು ಏನು ಕೇಳುತ್ತಾರೋ ಗೊತ್ತಿಲ್ಲ. ಭಾಷಣವೂ ಅಲ್ಲ, ಯಾಕೆಂದರೆ ನೀವು ನೀವಾಗಿ ಮಾತಾಡುತ್ತಿಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ 1891ರಲ್ಲಿ ಶುರುವಾದ ಸ್ಕಾನ್ಸೆನ್ ಎಂಬ ಬಯಲು ಮ್ಯೂಸಿಯಂ ಇಂಥದ್ದಕ್ಕೆಲ್ಲ ಹಿರಿಯಣ್ಣ. ಹಳೆಯ ಮನೆಗಳನ್ನು ತಂದು ಮತ್ತೆ ಕಟ್ಟಿ, ಅವುಗಳ ಒಳಗೆ ಆ ಕಾಲದ ಉಡುಪು ತೊಟ್ಟ ಜನರನ್ನು ಇಟ್ಟರು. ಆಮೇಲೆ ಅಮೆರಿಕದ ವರ್ಜೀನಿಯಾದಲ್ಲಿ ವಿಲಿಯಮ್ಸ್‌ಬರ್ಗ್ ಎಂಬ ಹಳೆಯ ಪಟ್ಟಣವನ್ನೇ ದುರಸ್ತಿ ಮಾಡಿ, ಬೀದಿಯಲ್ಲಿ ಕಮ್ಮಾರ, ವಕೀಲ, ನಾಯಕರ ಪಾತ್ರಗಳು ಓಡಾಡುವ ಹಾಗೆ ಮಾಡಿದರು.

ಇದೆಲ್ಲ ಹೊರಗಿನ ಸರಕು ಅನ್ನಿಸಿದರೆ, ಶೃಂಗೇರಿ ಕೊಪ್ಪದ ಕಡೆ ಒಂದು ರಾತ್ರಿ ತಾಳಮದ್ದಳೆಗೆ ಹೋಗಿ ಬನ್ನಿ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿ ವೇಷ ಇಲ್ಲದೆ, ಕೂತಲ್ಲೇ ಕೃಷ್ಣನಾಗುತ್ತಾನೆ, ಕರ್ಣನಾಗುತ್ತಾನೆ. ಮಾತು ಬಾಯಿಪಾಠ ಅಲ್ಲ, ಆ ಕ್ಷಣಕ್ಕೆ ಹುಟ್ಟಿದ್ದು. ಎದುರಿನ ಅರ್ಥಧಾರಿ ಕೊಕ್ಕೆ ಹಾಕಿ ಕೇಳಿದರೆ ಪಾತ್ರ ಬಿಡದೆ ಉತ್ತರ ಕೊಡಬೇಕು. ನಾನು ಮಾಡೋದೂ ಅದೇ ಕೆಲಸ. ಅದಕ್ಕೇ ನನಗೆ ನಾನೇ ಇಟ್ಟುಕೊಂಡ ಹೆಸರು "ಚರಿತ್ರೆಯ ಅರ್ಥಧಾರಿ". ವ್ಯತ್ಯಾಸ ಒಂದೇ. ಅವರಿಗೆ ಪ್ರಸಂಗ ಇದೆ, ಪುರಾಣ ಇದೆ, ಕಲ್ಪನೆಗೆ ಜಾಗ ಇದೆ. ನನಗಿರೋದು ಶಾಸನ. ಶಾಸನ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಮುಂದೆ ನಾನು ಹುಷಾರಾಗಿ ಕಾಲಿಡಬೇಕು.

ಮೊದಲು ಪಾತ್ರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಬೇಕು. ವ್ಯಕ್ತಿ ಯಾರು ಅನ್ನೋದು ಸಾಲದು, ಅವನು ಯಾವತ್ತಿನವನು ಅನ್ನೋದು ಬೇಕು. ನನ್ನ ದಾಸೋಜ 1117ರವನು. ಹೊಯ್ಸಳ ರಾಜ ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ ಮರುವರ್ಷ, ಬೇಲೂರಿನಲ್ಲಿ ವಿಜಯನಾರಾಯಣನ, ಅಂದರೆ ಈಗ ನಾವು ಚೆನ್ನಕೇಶವ ಅನ್ನುವ ದೇವರ ಪ್ರತಿಷ್ಠೆಯಾದ ವರ್ಷ. ಆದರೆ ದಾಸೋಜ "1117" ಅನ್ನಲ್ಲ. ಅವನಿಗದು ಶಕವರ್ಷ 1039, ಹೇಮಲಂಬಿ ಸಂವತ್ಸರ. ನಮಗೆ 2017ರ ಯುಗಾದಿಗೆ ಬಂದದ್ದೂ ಹೇಮಲಂಬಿಯೇ. ಅರವತ್ತರ ಚಕ್ರ ಸರಿಯಾಗಿ ಹದಿನೈದು ಸಲ ತಿರುಗಿದೆ. ಇದನ್ನು ಹೇಳಿದರೆ ಮಕ್ಕಳಿಗಿಂತ ಮೇಷ್ಟ್ರುಗಳೇ ಬೆರಳು ಮಡಚಿ ಲೆಕ್ಕ ಹಾಕುತ್ತಾರೆ.

ದಿನ ಗೊತ್ತಾದರೆ ಪಾತ್ರಕ್ಕೆ ಏನು ಗೊತ್ತಿಲ್ಲ ಅನ್ನೋದೂ ಗೊತ್ತಾಗುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಕೆಲಸ ಶುರುವಾದದ್ದು 1121ರ ಸುಮಾರಿಗೆ. ನನ್ನ ದಾಸೋಜ ಅದನ್ನು ನೋಡಿಲ್ಲ. ಅಷ್ಟೇ ಅಲ್ಲ, "ಹಳೇಬೀಡು" ಅನ್ನೋ ಹೆಸರೇ ಅವನ ಕಿವಿಗೆ ಬಿದ್ದಿಲ್ಲ. ರಾಜಧಾನಿ ಹಾಳಾದ ಮೇಲಲ್ಲವೇ ಅದು ಹಳೆಯ ಬೀಡು ಆಗೋದು? ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರನ ಸೇನೆ ಬಂದದ್ದು 1311ರಲ್ಲಿ. ದಾಸೋಜನಿಗೆ ಅದು ದೋರಸಮುದ್ರ, ತುಂಬಿದ ಕೆರೆಯ ಊರು. ಮಕ್ಕಳು "ಹಳೇಬೀಡಲ್ಲಿ ಕೆಲಸ ಮಾಡಿದ್ದೀರಾ?" ಅಂತ ಕೇಳಿದಾಗ "ಅದು ಯಾವ ಸೀಮೆಯ ಊರಪ್ಪಾ?" ಅನ್ನುತ್ತೇನೆ. ಮೊದಲು ಗಲಾಟೆ. ಆಮೇಲೆ ಯಾರೋ ಒಬ್ಬನಿಗೆ ಹೊಳೆಯುತ್ತದೆ, ಆ ಹೆಸರಲ್ಲೇ "ಹಳೇ" ಇದೆ ಅಂತ. ಪಾಠ ಹೇಳಿದರೆ ಅರ್ಧ ಗಂಟೆ ಹಿಡಿಯೋದು ಒಂದು ಸುಳ್ಳು ಮುಗ್ಧತೆಯಿಂದ ಎರಡು ನಿಮಿಷಕ್ಕೆ ಆಗುತ್ತದೆ.

ದಾಸೋಜನನ್ನೇ ಯಾಕೆ ಹಿಡಿದೆ? ರಾಜನ ಪಾತ್ರಕ್ಕೆ ಎಲ್ಲರೂ ಮುಂದೆ ಬರುತ್ತಾರೆ, ಕಿರೀಟ ಇದೆಯಲ್ಲ. ಆದರೆ ಹೊಯ್ಸಳರ ಗುಡಿಗಳಲ್ಲಿ ಒಂದು ಅಪರೂಪ ಇದೆ. ಕೆಲಸ ಮಾಡಿದವರು ತಮ್ಮ ಹೆಸರನ್ನು ಕಲ್ಲಿನ ಮೇಲೆ ಬರೆದು ಹೋಗಿದ್ದಾರೆ. ಬೇಲೂರಿನ ಮದನಿಕೆಗಳ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರೂ ಇದೆ. ಬಳ್ಳಿಗಾವೆ ಅಂದರೆ ಇವತ್ತಿನ ಶಿಕಾರಿಪುರದ ಕಡೆಯ ಬಳ್ಳಿಗಾವಿ. ಅಪ್ಪನ ಲೆಕ್ಕಕ್ಕೆ ನಾಲ್ಕು, ಮಗನ ಲೆಕ್ಕಕ್ಕೆ ಐದು ಮದನಿಕೆ. ಮಗ ಸ್ವಲ್ಪ ಬಡಾಯಿಗಾರ. ಬಿರುದು ಹೊತ್ತ ರೂವಾರಿಗಳು, ಅಂದರೆ ಶಿಲ್ಪಿಗಳು ಎಂಬ ಮನ್ಮಥರಿಗೆ ತಾನು ಶಿವ ಅನ್ನೋ ಅರ್ಥದಲ್ಲಿ ಬರೆಸಿಕೊಂಡಿದ್ದಾನೆ. ಅಂದರೆ ಸುಟ್ಟುಬಿಡ್ತೀನಿ ಅಂತ! ಒಂದೆರಡು ಸಾಲಿನ ಶಾಸನವೇ ಆದರೂ ಅದರಲ್ಲಿ ಒಂದು ಸಂಸಾರ ಇದೆ. ಊರು ಬಿಟ್ಟು ಬಂದ ಅಪ್ಪ, ಜೊತೆಗೆ ಕೆಲಸ ಮಾಡುವ ಮಗ, ಸುತ್ತಲೂ ಪೈಪೋಟಿ. ಅರ್ಥಧಾರಿಗೆ ಇಷ್ಟು ಸಿಕ್ಕರೆ ಹಬ್ಬ.

ಓದೋದಕ್ಕೆ ಎಲ್ಲಿಗೆ ಹೋಗಬೇಕು ಅಂದರೆ, ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಿಗೆ. ಹಾಸನ ಜಿಲ್ಲೆಯ ಶಾಸನಗಳ ಸಂಪುಟ 1902ರಲ್ಲಿ ಬಂತು. ಮೊದಲ ಸಲ ತೆರೆದಾಗ ನಿದ್ದೆ ಬರುತ್ತದೆ, ಸುಳ್ಳು ಹೇಳಲ್ಲ. ದಾನ ಕೊಟ್ಟ ಗದ್ದೆ, ಅದರ ಎಲ್ಲೆ, ದಾನ ಕೆಡಿಸಿದವರಿಗೆ ಶಾಪ, ಇಷ್ಟೇ. ಪಾತ್ರ ಕಟ್ಟುವವರು ಓದುವಾಗ ಮಾತ್ರ ಆ ಎಲ್ಲೆಯ ಹೆಸರುಗಳೇ ಬಂಗಾರ. ಯಾವ ಹಳ್ಳಿ, ಯಾವ ಕೆರೆ, ಯಾವ ಮರ.

ಈಗ ಕಷ್ಟದ ಭಾಗ. ಎಲ್ಲ ಕಡೆಯೂ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: "ನಿಮಗೆ ಜಕಣಾಚಾರಿ ಗೊತ್ತಾ?"

ಜಕಣಾಚಾರಿಯ ಕತೆ ಗೊತ್ತಿಲ್ಲದ ಕನ್ನಡಿಗ ಯಾರಿದ್ದಾರೆ. ಮಗ ಡಂಕಣ ಬಂದು ವಿಗ್ರಹದ ಹೊಟ್ಟೆಯಲ್ಲಿ ದೋಷ ಇದೆ ಅಂದದ್ದು, ಕಪ್ಪೆ ಹೊರಗೆ ಬಂದದ್ದು, ಅಪ್ಪ ಕೈ ಕತ್ತರಿಸಿಕೊಂಡದ್ದು, ಕೈದಾಳದಲ್ಲಿ ಕೈ ಮತ್ತೆ ಬಂದದ್ದು. ಸರ್ಕಾರ ಶಿಲ್ಪಿಗಳಿಗೆ ಆ ಹೆಸರಲ್ಲೇ ಪ್ರಶಸ್ತಿ ಕೊಡುತ್ತದೆ. ಆದರೆ ಬೇಲೂರಿನ ರೂವಾರಿಗಳ ಹೆಸರುಗಳಲ್ಲಿ ಅವನಿಲ್ಲ. ದಕ್ಷಿಣಾಚಾರ್ಯ, ಅಂದರೆ ತೆಂಕಣ ಶಿಲ್ಪಿ ಅನ್ನೋ ಮಾತೇ ಬಾಯಿಂದ ಬಾಯಿಗೆ ಜಕಣಾಚಾರಿ ಆಗಿರಬಹುದು ಎಂದು ಊಹಿಸಿದ ವಿದ್ವಾಂಸರಿದ್ದಾರೆ. "ಅವನು ಸುಳ್ಳು" ಅಂತ ದಾಸೋಜನ ಬಾಯಲ್ಲಿ ಹೇಳಿಸಿದರೆ ಮಕ್ಕಳ ಮುಖ ಬಾಡುತ್ತದೆ. "ಹೌದು, ನನ್ನ ಗೆಳೆಯ" ಅಂದರೆ ನಾನೇ ಸುಳ್ಳುಗಾರ. ಹಾಗಾಗಿ ದಾಸೋಜ ಹೀಗೆ ಹೇಳುತ್ತಾನೆ: "ಇಲ್ಲಿ ಎಷ್ಟೋ ಊರಿನ ರೂವಾರಿಗಳು ಬಂದಿದ್ದಾರೆ. ಆ ಹೆಸರಿನವರನ್ನು ನಾನು ಕಂಡಿಲ್ಲ. ಅವರು ಯಾವ ಕಲ್ಲಿನ ಮೇಲೆ ಹೆಸರು ಬರೆದಿದ್ದಾರೆ, ನೀವೇ ಹುಡುಕಿ ತೋರಿಸಿ." ಮಕ್ಕಳು ಗುಡಿಗೆ ಹೋದಾಗ ಹುಡುಕುತ್ತಾರೆ. ಹುಡುಕುವಾಗ ದಾಸೋಜ, ಚಾವಣ ಸಿಗುತ್ತಾರೆ.

ಕತೆಯನ್ನು ಕತೆಯಾಗಿ ಹೇಳೋದಕ್ಕೆ ನನಗೊಂದು ಗುರುತಿದೆ. ಹೆಗಲ ಮೇಲಿನ ವಸ್ತ್ರ ತೆಗೆದು ಪಕ್ಕಕ್ಕಿಟ್ಟೆ ಅಂದರೆ ದಾಸೋಜ ಎದ್ದು ಹೋದ, ಈಗ ಮಾತಾಡೋದು ನಾನು, ಹಾಸನದವನು. ಆಗ ಜಕಣಾಚಾರಿಯ ಕತೆ ಪೂರ್ತಿ ಹೇಳುತ್ತೇನೆ, ಕಪ್ಪೆಯ ಸಮೇತ. ಹರಿಕತೆ ದಾಸರು ಇದನ್ನು ಎಷ್ಟು ಸಲೀಸಾಗಿ ಮಾಡುತ್ತಾರೆ ನೋಡಿ. ಒಂದು ಗಳಿಗೆ ರುಕ್ಮಿಣಿ, ಮರುಗಳಿಗೆ ದಾಸರು, ನಡುವೆ ಊರಿನ ಗೌಡರಿಗೊಂದು ಚಟಾಕಿ. ಯಾರಿಗೂ ಗೊಂದಲ ಆಗಲ್ಲ. ಈ ವಿದ್ಯೆಯಲ್ಲಿ ಇದಕ್ಕೆ ಉತ್ತಮ ಪುರುಷ, ಪ್ರಥಮ ಪುರುಷ ಅಂತ ಎರಡು ದಾರಿ. ಒಂದರಲ್ಲಿ "ನಾನು ಕೊರೆದೆ", ಇನ್ನೊಂದರಲ್ಲಿ "ಅವರು ಕೊರೆದರು". ಅಮೆರಿಕದ ಪ್ಲಿಮತ್‌ನ ಬಯಲು ಮ್ಯೂಸಿಯಂನಲ್ಲಿ ಎರಡೂ ಅಕ್ಕಪಕ್ಕ ನಡೆಯುತ್ತವೆ. ಇಂಗ್ಲೆಂಡಿನಿಂದ ಬಂದು ನೆಲೆಸಿದವರ ಹಳ್ಳಿಯಲ್ಲಿ ಪಾತ್ರಧಾರಿಗಳು 1620ರ ದಶಕದವರಾಗಿಯೇ ಮಾತಾಡುತ್ತಾರೆ. ಪಕ್ಕದ ಮೂಲನಿವಾಸಿಗಳ ಬಿಡಾರದಲ್ಲಿ ಇರುವವರು ಹಳೆಯ ಉಡುಪು ತೊಟ್ಟಿದ್ದರೂ ಪಾತ್ರ ಮಾಡಲ್ಲ, ಇವತ್ತಿನವರಾಗಿ ತಮ್ಮ ಜನರ ವಿಷಯ ಹೇಳುತ್ತಾರೆ. ನಾವು ಹಳೆಯ ಕಾಲದ ಗೊಂಬೆಗಳಲ್ಲ, ಈಗಲೂ ಇದ್ದೇವೆ ಅನ್ನೋದು ಅದರಲ್ಲೇ ಇದೆ. ನನಗೆ ಆ ನಿಲುವು ತುಂಬಾ ಇಷ್ಟ.

ಎಲ್ಲ ಐತಿಹ್ಯವೂ ಒಂದೇ ಥರ ಅಲ್ಲ ಅನ್ನೋದು ನನಗೆ ತಡವಾಗಿ ತಿಳಿಯಿತು. ಸಳ ಹುಲಿ ಕೊಂದ ಕತೆ ತೆಗೆದುಕೊಳ್ಳಿ. ಮೂಡಿಗೆರೆ ತಾಲ್ಲೂಕಿನ ಅಂಗಡಿ, ಆಗಿನ ಸೊಸೆವೂರು. ವಾಸಂತಿಕಾ ದೇವಿಯ ಸನ್ನಿಧಿ. ಮುನಿ "ಹೊಯ್ ಸಳ" ಅಂದ, ಇವನು ಹೊಡೆದ. ಇದು ನಡೆದದ್ದೇ ಅಂತ ಇತಿಹಾಸಕಾರರು ಒಪ್ಪಲ್ಲ. ಆದರೆ ಈ ಕತೆ ವಿಷ್ಣುವರ್ಧನನ ಕಾಲದ ಶಾಸನದಲ್ಲೇ ಬರುತ್ತದೆ. ಅಂದರೆ ದಾಸೋಜನ ಕಾಲದ ಜನ ಅದನ್ನು ಹೇಳುತ್ತಿದ್ದರು, ನಂಬುತ್ತಿದ್ದರು. ಆದ್ದರಿಂದ ಸಳನ ಕತೆಯನ್ನು ದಾಸೋಜ ವಸ್ತ್ರ ತೆಗೆಯದೆಯೇ, ಕಣ್ಣರಳಿಸಿ ಹೇಳಬಹುದು. ಕೇಳಬೇಕಾದ್ದು ಕತೆ ನಿಜವೋ ಸುಳ್ಳೋ ಅಂತಲ್ಲ, ಈ ಮನುಷ್ಯನಿಗೆ ಈ ಕತೆ ಗೊತ್ತಿತ್ತೋ ಇಲ್ಲವೋ ಅಂತ.

ಮಾತಿನ ಭಾಷೆಯ ತಲೆನೋವು ಬೇರೆಯೇ. ಹನ್ನೆರಡನೇ ಶತಮಾನದ ಕನ್ನಡದಲ್ಲಿ ಮಾತಾಡಿದರೆ ಎದುರಿಗಿರುವವರು ಎದ್ದು ಹೋಗುತ್ತಾರೆ. "ಪಾಲ್" "ಹಾಲು" ಆಗುತ್ತಿದ್ದ ಕಾಲ ಅದು. ಅರಸು ಮನೆತನದ ಹೆಸರನ್ನೇ ಕೆಲವು ಕಡೆ ಪೊಯ್ಸಳ, ಕೆಲವು ಕಡೆ ಹೊಯ್ಸಳ ಅಂತ ಬರೆದಿದ್ದಾರೆ. ಹಾಗಂತ ಕಂಪನಿ ನಾಟಕದ "ಎಲೈ ಸಾರಥಿಯೇ" ಭಾಷೆ ಬಂದರೆ ನನಗೇ ನಗು ಬರುತ್ತದೆ. ನಾನು ಹಿಡಿದ ದಾರಿ ಸರಳ. ನಮ್ಮ ಹಾಸನದ ಮಾತನ್ನೇ ಆಡುತ್ತೇನೆ, ಆದರೆ ಆಮೇಲೆ ಬಂದ ಪದಗಳನ್ನು ಆದಷ್ಟೂ ಹೊರಗಿಡುತ್ತೇನೆ. ಇಂಗ್ಲಿಷ್ ಬಿಡೋದು ಸುಲಭ. ಸುಲಭ ಅಲ್ಲದ್ದು "ಜಾಸ್ತಿ". ಅದು ಅರಬ್ಬಿ ಮೂಲದ್ದು. "ಕಾಗದ", "ಖುಷಿ" ಪಾರ್ಸಿ ಕಡೆಯಿಂದ ಬಂದವು. ಎಲ್ಲಕ್ಕಿಂತ ಮೋಸ ಮಾಡಿದ್ದು "ಮೇಸ್ತ್ರಿ". ಕಲ್ಲುಕೆಲಸದವನ ಪಾತ್ರ, ಮೇಸ್ತ್ರಿ ಅನ್ನದೆ ಇನ್ನೇನು ಅನ್ನೋದು ಅಂತ ಒಂದು ವರ್ಷ ಹಾಗೇ ಹೇಳಿಕೊಂಡು ಓಡಾಡಿದೆ. ಅದು ಪೋರ್ಚುಗೀಸ್ ಪದ ಅಂತ ಒಬ್ಬರು ನಿವೃತ್ತ ಮೇಷ್ಟ್ರು ಕಾರ್ಯಕ್ರಮ ಮುಗಿದ ಮೇಲೆ ಕಿವಿಯಲ್ಲಿ ಹೇಳಿದರು. ಅವರಿಗೆ ಈಗಲೂ ಋಣಿ. ಈಗ ದಾಸೋಜ ತನ್ನನ್ನು "ರೂವಾರಿ" ಅಂತಲೇ ಕರೆದುಕೊಳ್ಳುತ್ತಾನೆ, ಕಲ್ಲಿನ ಮೇಲೆ ಬರೆದ ಹಾಗೆ.

ಊಟದಲ್ಲೂ ಇದೇ ಪಾಡು. ಹಾಸನ ಅಂದರೆ ಆಲೂಗಡ್ಡೆ, ಚಿಕ್ಕಮಗಳೂರು ಅಂದರೆ ಕಾಫಿ ಅಲ್ವಾ? ದಾಸೋಜನಿಗೆ ಎರಡೂ ಗೊತ್ತಿಲ್ಲ. ಆಲೂಗಡ್ಡೆ, ಟೊಮೆಟೊ, ಮೆಣಸಿನಕಾಯಿ, ಕಡಲೆಕಾಯಿ, ಮುಸುಕಿನ ಜೋಳ ಇವೆಲ್ಲ ಅಮೆರಿಕ ಖಂಡದವು, ಪೋರ್ಚುಗೀಸರು ಕಡಲು ದಾಟಿ ಬಂದ ಮೇಲಿನ ಮಾತು. ಬಾಬಾ ಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದರು ಅನ್ನೋ ಕತೆ ನಡೆಯೋದು ಹದಿನೇಳನೇ ಶತಮಾನದಲ್ಲಿ. ಹಾಗಾದರೆ ಖಾರಕ್ಕೆ ಏನು? ಮೆಣಸು. ಮಲೆನಾಡಿನ ಕಾಳುಮೆಣಸು. ಆಮೇಲೆ ಬಂದ ಕಾಯಿಗೆ ಅದೇ ಹೆಸರು ಅಂಟಿ ಮೆಣಸಿನಕಾಯಿ ಆಯಿತು. ರಾಗಿ, ಅಕ್ಕಿ, ಹುರುಳಿ, ಬೆಲ್ಲ, ಮಜ್ಜಿಗೆ ಇಷ್ಟರಲ್ಲಿ ದಾಸೋಜನ ಊಟ ಮುಗಿಸುತ್ತೇನೆ. ಒಂದು ಸಲ ಮಧ್ಯದಲ್ಲಿ ಯಾರೋ ಪ್ರೀತಿಯಿಂದ ಲೋಟದ ತುಂಬ ಕಾಫಿ ತಂದುಕೊಟ್ಟರು. ಮಕ್ಕಳು ನನ್ನನ್ನೇ ನೋಡುತ್ತಿದ್ದರು. ಮೂಸಿ ನೋಡಿ, "ಇದೇನಮ್ಮ ಕಷಾಯ, ಯಾರಿಗೆ ಜ್ವರ?" ಅಂದೆ. ಒಳಗೆ ಮಾತ್ರ ಪ್ರಾಣ ಹೋಗುತ್ತಿತ್ತು. ಆ ಕಾಫಿ ತಣ್ಣಗಾಗಿ ಹೋಯಿತು.

ವೇಷದ ಬಗ್ಗೆ ಜಾಸ್ತಿ ಹೇಳಲ್ಲ. ಮಿಂಚುವ ಮಖಮಲ್ಲು, ಹೊಳೆಯುವ ಪ್ಲಾಸ್ಟಿಕ್ ಮುತ್ತು ಬೇಡ. ಕೈಗಡಿಯಾರ ಬಿಚ್ಚಿಡಿ. ಕನ್ನಡಕ ಇಲ್ಲದೆ ಕಣ್ಣು ಕಾಣದಿದ್ದರೆ ಹಾಕಿಕೊಳ್ಳಿ, ಬಿದ್ದು ಕಾಲು ಮುರಿದುಕೊಳ್ಳೋದಕ್ಕಿಂತ ವಾಸಿ.

ವಿಷ್ಣುವರ್ಧನನ ರಾಣಿ ಶಾಂತಲೆಯ ಪಾತ್ರ ಮಾಡುವ ನನ್ನ ಗೆಳತಿಯ ಕಷ್ಟ ನನ್ನದಕ್ಕಿಂತ ದೊಡ್ಡದು. ದಾಸೋಜನ ಬಗ್ಗೆ ಜನರಿಗೆ ಏನೂ ಗೊತ್ತಿಲ್ಲ, ಶಾಂತಲೆಯ ಬಗ್ಗೆ ಎಲ್ಲರಿಗೂ ಎಲ್ಲ ಗೊತ್ತು. ಮೃದು ಮಾತಿನ, ನಾಟ್ಯವಾಡುವ, ತ್ಯಾಗ ಮಾಡಿದ ರಾಣಿ. ಕನ್ನಡಿ ಹಿಡಿದ ಮದನಿಕೆ ದರ್ಪಣ ಸುಂದರಿಗೆ ಅವಳೇ ಮಾದರಿ ಅಂತ ಗೈಡುಗಳು ಹೇಳಿಯಾಗಿದೆ. ಸಂಗೀತ ನಾಟ್ಯದಲ್ಲಿ ಅವಳ ಜಾಣ್ಮೆಯನ್ನು ಶಾಸನಗಳು ಹೊಗಳುತ್ತವೆ, ನಿಜ. ಆದರೆ ಅದೇ ಶಾಸನಗಳಲ್ಲಿ ಅವಳ ಬಿರುದು "ಸವತಿಗಂಧವಾರಣೆ". ಸವತಿಯರ ಪಾಲಿಗೆ ಮದ್ದಾನೆ! ಶ್ರವಣಬೆಳಗೊಳದಲ್ಲಿ 1123ರ ಸುಮಾರಿಗೆ ಅವಳು ಕಟ್ಟಿಸಿದ ಬಸದಿಗೂ ಸವತಿಗಂಧವಾರಣ ಬಸದಿ ಎಂದೇ ಹೆಸರು. ಬೇಲೂರಿನ ಅಂಗಳದಲ್ಲಿರುವ ಕಪ್ಪೆ ಚೆನ್ನಿಗರಾಯನ ಗುಡಿಯೂ ಅವಳದೇ. ಅಪ್ಪ ಮಾರಸಿಂಗಯ್ಯ ಶೈವ, ಅಮ್ಮ ಮಾಚಿಕಬ್ಬೆ ಜೈನಳು, ಗಂಡ ಕಟ್ಟಿಸಿದ್ದು ವಿಷ್ಣುವಿನ ಗುಡಿ, ತಾನು ಜೈನಳಾಗಿಯೇ ಉಳಿದಳು. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ನನ್ನ ಗೆಳತಿ ಈಗ ಬಿರುದಿನಿಂದಲೇ ಶುರು ಮಾಡುತ್ತಾಳೆ. ಸೊಂಟದ ಮೇಲೆ ಕೈಯಿಟ್ಟು "ನನ್ನ ಬಿರುದು ಗೊತ್ತಾ ನಿಮಗೆ?" ಅಂತ ಕೇಳುತ್ತಾಳೆ. ಅಲ್ಲಿಗೆ ಕ್ಯಾಲೆಂಡರಿನ ಶಾಂತಲೆ ಜಾರಿಕೊಳ್ಳುತ್ತಾಳೆ. ಕೆಲವು ಹಿರಿಯರಿಗೆ ಇದು ಹಿಡಿಸಿಲ್ಲ. "ರಾಣಿ ಹಿಂಗೆಲ್ಲ ಮಾತಾಡ್ತಿದ್ಲಾ?" ಅಂತ ಒಬ್ಬರು ಕೇಳಿದರು. ಬಿರುದನ್ನು ಕಲ್ಲಿನಲ್ಲಿ ಕೊರೆಸಿಕೊಂಡವಳಿಗೆ ನಾಚಿಕೆ ಇದ್ದಿರಲಾರದು ಅನ್ನೋದು ನನ್ನ ಅಭಿಪ್ರಾಯ.

ನೋವಿನ ವಿಷಯ ಬಂದರೆ? ವಿಲಿಯಮ್ಸ್‌ಬರ್ಗ್‌ನಲ್ಲಿ 1994ರಲ್ಲಿ ಗುಲಾಮರ ಹರಾಜನ್ನು ಬೀದಿಯಲ್ಲಿ ಅಭಿನಯಿಸಿ ತೋರಿಸಿದರು. ನೋವನ್ನು ಪ್ರದರ್ಶನ ಮಾಡಬೇಡಿ ಅಂತ ಪ್ರತಿಭಟನೆ ಆಯಿತು. ಮುಚ್ಚಿಟ್ಟರೆ ಅದಕ್ಕಿಂತ ಅನ್ಯಾಯ ಅಂತ ಮಾಡಿದವರ ವಾದ. ನಮ್ಮಲ್ಲಿ ಆ ಜಾಗದಲ್ಲಿ ಇರೋದು ಜಾತಿ. "ಗುಡಿಯೊಳಗೆ ಯಾರನ್ನೆಲ್ಲ ಬಿಡ್ತಿದ್ರು?" ಅಂತ ಒಬ್ಬ ಹುಡುಗ ಕೇಳಿದ, ಮೆಲ್ಲಗೆ. ನಾನು ತಕ್ಷಣ ವಸ್ತ್ರ ತೆಗೆದಿಟ್ಟೆ. ಕೆಲವು ಪ್ರಶ್ನೆಗಳಿಗೆ ಪಾತ್ರದ ಹಿಂದೆ ಅಡಗಿ ಉತ್ತರ ಕೊಡಬಾರದು. ಅವನ ಪಕ್ಕ ಕೂತು, ನನ್ನದೇ ದನಿಯಲ್ಲಿ, ಜಾತಿಯ ಕಾರಣಕ್ಕೆ ಗುಡಿಯ ಬಾಗಿಲಾಚೆಯೇ ನಿಂತವರ ಬಗ್ಗೆ ಮಾತಾಡಿದೆ.

ಈ ಹಾದಿಗೆ ಬರಬೇಕು ಅಂತ ಫೋನ್ ಮಾಡುವವರಿಗೆ ನಾನು ಹೇಳೋದು ಇಷ್ಟು. ಇದರಲ್ಲೇ ಹೊಟ್ಟೆ ತುಂಬಲ್ಲ. ನಾನು ವಾರವಿಡೀ ಬೇರೆ ಕೆಲಸ ಮಾಡುತ್ತೇನೆ. ಶಾಲೆ, ಹೋಮ್‌ಸ್ಟೇ ಅಂಗಳ, ಊರ ಸಮಾರಂಭ ಇವೇ ನನ್ನ ರಂಗಸ್ಥಳ. ಗುಡಿಯ ಆವರಣದಲ್ಲೇ ಮಾಡಬೇಕೆಂದರೆ ಕೇಂದ್ರ ಪುರಾತತ್ವ ಇಲಾಖೆಯ ಅನುಮತಿ ಬೇಕು, ಸುಮ್ನೆ ಹೋಗಿ ವೇಷ ಹಾಕಿ ನಿಲ್ಲುವ ಹಾಗಿಲ್ಲ. ಬೇಲೂರಿನಲ್ಲಿ ಪೂಜೆಯೂ ನಡೆಯುತ್ತದೆ, ಭಕ್ತರಿಗೆ ಅಡ್ಡ ಬರಬಾರದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಕೇಳುವವರು ಹೆಚ್ಚಿದ್ದಾರೆ ಅನ್ನೋದು ಮಾತ್ರ ನನ್ನ ಅನುಭವಕ್ಕೆ ಬಂದಿದೆ.

ಅನುಮತಿ ಸಿಕ್ಕರೂ ಗುಡಿಯ ಎದುರು ನಿಂತಾಗ ಇನ್ನೊಂದು ಫಜೀತಿ ಇದೆ. ದಾಸೋಜನಿಗೆ ಆ ಗುಡಿ ಪೂರ್ತಿ ಪರಿಚಯದ್ದಲ್ಲ. ಮುಂದಿನ ದೊಡ್ಡ ಗೋಪುರ ವಿಜಯನಗರದ ಕಾಲದ್ದು. ನವರಂಗದ, ಅಂದರೆ ಗರ್ಭಗುಡಿಯ ಮುಂದಿನ ಮಂಟಪದ ಸುತ್ತಲಿನ ಜಾಲಂಧ್ರಗಳು, ಅಂದರೆ ಕಲ್ಲಿನ ಜಾಲರಿಗಳು, ಎರಡನೇ ಬಲ್ಲಾಳನ ಕಾಲದಲ್ಲಿ ಸೇರಿದವು, ದಾಸೋಜನ ಕಾಲಕ್ಕೆ ಅದು ತೆರೆದ ಮಂಟಪ. ಗರ್ಭಗುಡಿಯ ಮೇಲಿದ್ದ ಶಿಖರವೋ, ಈಗ ಇಲ್ಲವೇ ಇಲ್ಲ. ಮೊದಮೊದಲು ಇದನ್ನೆಲ್ಲ ಮುಚ್ಚಿಡಲು ಮಕ್ಕಳನ್ನು ಗೋಪುರಕ್ಕೆ ಬೆನ್ನು ಹಾಕಿ ಕೂರಿಸುತ್ತಿದ್ದೆ. ಈಗ ತಿರುಗಿಸಿ ಕೂರಿಸುತ್ತೇನೆ. ದಾಸೋಜ ಗೋಪುರ ನೋಡಿ ದಂಗಾಗುತ್ತಾನೆ. "ಇದನ್ನ ಯಾರು ಕಟ್ಟಿದ್ದು? ನಮ್ಮ ಶಿಖರ ಎಲ್ಲಿ?" ಅಂತ ಕೇಳುತ್ತಾನೆ. ಹೇಳೋ ಕೆಲಸ ಮಕ್ಕಳದ್ದು.

ಕಳೆದ ಸಲ ಮೂರು ಜನ ಒಟ್ಟಿಗೇ ಎದ್ದರು. ಒಬ್ಬ ವಿಜಯನಗರ ಅಂದ. ಇನ್ನೊಬ್ಬಳು, 1879ರಲ್ಲಿ ಗುಡಿಗೆ ಭಾರ ಆಗುತ್ತೆ ಅಂತ ಶಿಖರ ಇಳಿಸಿದ್ರಂತೆ ಅಂದಳು. ದಾಸೋಜ ಸಿಟ್ಟಿನಿಂದ ಕೇಳಿದ: "ಇಳಿಸಿದ್ದು ಸರಿ, ಮತ್ತೆ ಯಾಕೆ ಕಟ್ಟಲಿಲ್ಲ?"

ಅವಳು ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಹೆಗಲ ಮೇಲಿನ ವಸ್ತ್ರ ತೆಗೆಯಲಿಲ್ಲ.